ಹಾರ್ಡ್‌ವೇರ್ ವಾಲೆಟ್ ಕೊಳ್ಳುವ ಮುನ್ನ

ಅಮಾನತಿನ ಬಗ್ಗೆ ಖುತ್ಬಾ ನೀಡಿದ ಶುಕ್ರವಾರ, ನಮಾಝ್ ಮುಗಿದ ಮೇಲೆ ನಮ್ಮ ಜಮಾಅತಿನ ಒಬ್ಬ ಯುವಕ ಕಾದು ನಿಂತಿದ್ದ. ಶಾರ್ಜಾದಲ್ಲಿ ಆರು ವರ್ಷ ದುಡಿದು ರಜೆಯಲ್ಲಿ ಊರಿಗೆ ಬಂದವನು. ಕೈಯಲ್ಲೊಂದು ಪುಟ್ಟ ಪೆಟ್ಟಿಗೆ. "ಉಸ್ತಾದರೇ, ಇದು ಕ್ರಿಪ್ಟೋ ಇಡುವ ವಾಲೆಟ್. ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಸಿಕ್ಕಿತು. ತಂಗಿಯ ಮದುವೆಗೆಂದು ಉಳಿಸಿದ್ದನ್ನು ಇದಕ್ಕೆ ಹಾಕಿ ಉಮ್ಮನ ಕೈಗೆ ಕೊಟ್ಟು ಹೋಗಬೇಕೆಂದಿದ್ದೇನೆ" ಎಂದ. ಪೆಟ್ಟಿಗೆಯೊಳಗೆ ಪೆನ್‌ಡ್ರೈವಿನಂಥ ಒಂದು ಸಾಧನ, ಜೊತೆಗೊಂದು ಕಾರ್ಡು. ಕಾರ್ಡಿನ ಮೇಲೆ 24 ಇಂಗ್ಲಿಷ್ ಪದಗಳು ಅಚ್ಚಾಗಿದ್ದವು. "ನೋಡಿ, ಕಂಪೆನಿಯವರೇ ಎಲ್ಲ ತಯಾರು ಮಾಡಿ ಕೊಟ್ಟಿದ್ದಾರೆ" ಎಂದು ಸಂತೋಷದಿಂದ ತೋರಿಸಿದ.

ಬಿ.ಎ.ಯಲ್ಲಿ ನಾನು ಓದಿದ ಅರ್ಥಶಾಸ್ತ್ರದಲ್ಲಿ ಇದೆಲ್ಲ ಇರಲಿಲ್ಲ. ಮಸೀದಿಯ ವರಾಂಡದಲ್ಲೇ ಕುಳಿತಿದ್ದ ಒಬ್ಬ ಇಂಜಿನಿಯರ್ ಸಹೋದರರನ್ನು ಕರೆದೆ. ಅವರು ಕಾರ್ಡು ನೋಡಿದ್ದೇ ತಡ, "ಇದಕ್ಕೆ ಒಂದು ದಿರ್ಹಮ್ ಕೂಡ ಹಾಕಬೇಡ" ಎಂದರು. ಅವರು ಅಂದು ವಿವರಿಸಿದ್ದನ್ನೂ ಆಮೇಲೆ ನಾನು ಓದಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಗಲ್ಫ್‌ನಲ್ಲಿ ಮಕ್ಕಳಿರುವ ಮನೆಗಳಲ್ಲಿ ಇಂಥ ಪೆಟ್ಟಿಗೆಗಳು ಇನ್ನೂ ಬರಬಹುದು.

ಕ್ರಿಪ್ಟೋ ಹಲಾಲೋ ಹರಾಮೋ ಎಂಬುದು ಈ ಲೇಖನದ ವಿಷಯವಲ್ಲ. ಉಲಮಾಗಳಲ್ಲಿ ಒಮ್ಮತವಿಲ್ಲ. ಈಜಿಪ್ಟಿನ ಗ್ರ್ಯಾಂಡ್ ಮುಫ್ತಿ 2018ರಲ್ಲಿ ಬಿಟ್‌ಕಾಯಿನ್ ವ್ಯವಹಾರ ನಿಷಿದ್ಧವೆಂದರು. ಮಲೇಷ್ಯಾದ ಸೆಕ್ಯುರಿಟೀಸ್ ಕಮಿಷನಿನ ಶರೀಅತ್ ಸಲಹಾ ಮಂಡಳಿ 2020ರಲ್ಲಿ ಷರತ್ತುಗಳೊಂದಿಗೆ ಅನುಮತಿ ನೀಡಿತು. ನೀವು ನಂಬುವ ಆಲಿಮರನ್ನು ಕೇಳಿ. ಮದುವೆಯ ಹಣವನ್ನು ದಿನಕ್ಕೊಂದು ಬೆಲೆಯಾಗುವ ವಸ್ತುವಿನಲ್ಲಿಡುವುದು ನನಗಂತೂ ಸರಿ ಕಾಣುವುದಿಲ್ಲ, ಅದನ್ನು ಆ ಹುಡುಗನಿಗೆ ನೇರವಾಗಿಯೇ ಹೇಳಿದೆ. ಆದರೆ ಈಗಾಗಲೇ ಇರುವುದನ್ನು ಕಳ್ಳರ ಪಾಲಾಗಲು ಬಿಡುವುದೂ ಸರಿಯಲ್ಲವಲ್ಲ.

ಹೆಚ್ಚಿನವರು ಕ್ರಿಪ್ಟೋವನ್ನು ಕೊಂಡ ಎಕ್ಸ್‌ಚೇಂಜಿನಲ್ಲೇ ಬಿಟ್ಟಿರುತ್ತಾರೆ. 2024ರ ಜುಲೈಯಲ್ಲಿ ನಮ್ಮ ದೇಶದ ವಝೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೋ ಕಳವಾಯಿತು. ತಮ್ಮ ಕ್ರಿಪ್ಟೋ ಹಿಂಪಡೆಯಲು ಗ್ರಾಹಕರು ಒಂದು ವರ್ಷಕ್ಕೂ ಮಿಕ್ಕಿ ಕಾಯಬೇಕಾಯಿತು. ಹಾಗಾಗಿ ದೊಡ್ಡ ಮೊತ್ತವಿರುವವರು ಹಾರ್ಡ್‌ವೇರ್ ವಾಲೆಟ್ ಕೊಳ್ಳುತ್ತಾರೆ.

ಈ ಸಾಧನದೊಳಗೆ ಹಣವೇನೂ ಇರುವುದಿಲ್ಲ. ಜಮಾಅತಿನ ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸಿದ್ದೇವೆ ಎಂದುಕೊಳ್ಳಿ. ಯಾರ ಹೆಸರಲ್ಲಿ ಎಷ್ಟಿದೆಯೆಂದು ಯಾರೂ ನೋಡಬಹುದು, ಆದರೆ ಅದರಿಂದ ಒಂದು ಪೈಸೆ ಬೇರೆಯವರಿಗೆ ಕೊಡಬೇಕಾದರೆ ಅವರದೇ ಮೊಹರು ಬೀಳಬೇಕು. ಕ್ರಿಪ್ಟೋದ ಲೆಕ್ಕ ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿದೆ. ವಾಲೆಟ್ಟಿನೊಳಗಿರುವುದು ಮೊಹರು ಮಾತ್ರ. ಕಂಪ್ಯೂಟರಿಗೆ ವೈರಸ್ ಬಂದಿದ್ದರೂ ಮೊಹರು ಈ ಸಾಧನ ಬಿಟ್ಟು ಹೊರಬರುವುದಿಲ್ಲ. ಇದೇ ಅದರ ಉಪಯೋಗ.

ಇನ್ನು ಆ ಪದಗಳು. ಹೊಸ ಸಾಧನವನ್ನು ಮೊದಲ ಬಾರಿ ಚಾಲೂ ಮಾಡಿದಾಗ ಅದು ಸಾಮಾನ್ಯವಾಗಿ 2048 ಇಂಗ್ಲಿಷ್ ಪದಗಳ ಪಟ್ಟಿಯಿಂದ 12 ಅಥವಾ 24 ಪದಗಳನ್ನು ತಾನೇ ಆರಿಸಿ ಪುಟ್ಟ ಪರದೆಯ ಮೇಲೆ ತೋರಿಸುತ್ತದೆ. ಅವು ಮೊಹರಿನ ಅಚ್ಚು. ಸಾಧನ ಕಳೆದರೂ ಪದಗಳಿದ್ದರೆ ಇನ್ನೊಂದು ಸಾಧನದಲ್ಲಿ ಅದೇ ಮೊಹರು ಸಿದ್ಧವಾಗುತ್ತದೆ. ನಿಮಗೆ ಮಾತ್ರವಲ್ಲ, ಆ ಪದಗಳನ್ನು ಕಂಡ ಯಾರಿಗೂ ಸಿದ್ಧವಾಗುತ್ತದೆ. ಆದ್ದರಿಂದ ಪದಗಳು ನಿಮ್ಮ ಕಣ್ಣೆದುರೇ ಹುಟ್ಟಬೇಕು. ಪೆಟ್ಟಿಗೆಯಲ್ಲಿ ಮೊದಲೇ ಅಚ್ಚಾಗಿ ಬಂದರೆ, ಮಾರಿದವನ ಬಳಿ ಇನ್ನೊಂದು ಮೊಹರು ಇದೆಯೆಂದೇ ಅರ್ಥ. ನೀವು ಹಣ ಹಾಕುವವರೆಗೆ ಅವನು ಸುಮ್ಮನೆ ಕಾಯುತ್ತಾನೆ. 2018ರ ಆರಂಭದಲ್ಲಿ ಬ್ರಿಟನ್ನಿನ ಒಬ್ಬರು ಇಬೇಯಲ್ಲಿ ಕೊಂಡ ಲೆಡ್ಜರ್ ವಾಲೆಟ್ಟಿನ ಜೊತೆ ಇಂಥದೇ ಕಾರ್ಡು ಬಂದಿತ್ತು. ಅವರು ಅದನ್ನು ನಂಬಿ ಹಾಕಿದ್ದೆಲ್ಲ ಹೋಯಿತು.

"ಹಾಗಾದರೆ ರೀಸೆಟ್ ಮಾಡಿ ಹೊಸ ಪದ ತೆಗೆದರೆ ಸಾಲದೇ?" ಎಂದು ಹುಡುಗ ಕೇಳಿದ. ಪೆಟ್ಟಿಗೆಗೆ ಹಣ ಕೊಟ್ಟಾಗಿತ್ತಲ್ಲ, ಬಿಡಲು ಮನಸ್ಸಿರಲಿಲ್ಲ. ಸಾಲದು. 2023ರಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆ ಒಂದು ನಕಲಿ ಟ್ರೆಝರ್ ಸಾಧನವನ್ನು ಬಿಚ್ಚಿ ನೋಡಿತು. ಹೊರಗಿನ ಸ್ಟಿಕ್ಕರುಗಳೆಲ್ಲ ಸರಿಯಾಗಿಯೇ ಇದ್ದವು. ಒಳಗೆ ಚಿಪ್ಪನ್ನೇ ಬದಲಿಸಿ ಅಂಟು ಹಾಕಿ ಮುಚ್ಚಿದ್ದರು. ಹೊಸ ಪದ ಕೇಳಿದಾಗ ಅದು ಕಳ್ಳ ಮೊದಲೇ ತುಂಬಿಸಿಟ್ಟ 20 ಜೋಡಣೆಗಳಲ್ಲಿ ಒಂದನ್ನು ತೋರಿಸುತ್ತಿತ್ತು. ಅದರ ಮಾಲೀಕ ಕಳೆದುಕೊಂಡದ್ದು 1.33 ಬಿಟ್‌ಕಾಯಿನ್.

ಆದುದರಿಂದ ಎಲ್ಲಿ ಕೊಳ್ಳುತ್ತೀರಿ ಎಂಬುದೇ ಮುಖ್ಯ. ಪ್ರಾಗ್ ನಗರದ ಟ್ರೆಝರ್, ಪ್ಯಾರಿಸಿನ ಲೆಡ್ಜರ್ ಈ ಕ್ಷೇತ್ರದ ಹಳೆಯ ಹೆಸರುಗಳು, ಬೇರೆಯವೂ ಇವೆ. ಯಾವುದೇ ಇರಲಿ, ಕಂಪೆನಿಯ ಸ್ವಂತ ವೆಬ್‌ಸೈಟಿನಿಂದಲೋ ಆ ವೆಬ್‌ಸೈಟಿನಲ್ಲಿ ಹೆಸರಿರುವ ಅಧಿಕೃತ ಮಾರಾಟಗಾರರಿಂದಲೋ ಕೊಳ್ಳಿ. ವಿಳಾಸವನ್ನು ನೀವೇ ಟೈಪ್ ಮಾಡಿ, ಗೂಗಲಿನಲ್ಲಿ ಮೇಲೆ ಬರುವ ಜಾಹೀರಾತನ್ನು ಒತ್ತಬೇಡಿ. ಸೆಕೆಂಡ್ ಹ್ಯಾಂಡ್ ಬೇಡ, ರೂಮ್‌ಮೇಟ್ ಕೊಟ್ಟದ್ದೂ ಬೇಡ. ಅಗ್ಗದ ಮಾದರಿಗಳೇ ಕೆಲವು ಸಾವಿರ ರೂಪಾಯಿಗೆ ಸಿಗುತ್ತವೆ, ಅರ್ಧ ಬೆಲೆಯ ಆಸೆ ಏಕೆ? ನಿಮ್ಮಲ್ಲಿರುವ ಕ್ರಿಪ್ಟೋಗೆ ಅದು ಹೊಂದುತ್ತದೆಯೇ ಎಂದು ನೋಡಿ. ಪರದೆ ಸ್ಪಷ್ಟವಾಗಿ ಓದಲು ಬರುವಂತಿರಲಿ. ಹಣ ಕಳುಹಿಸುವಾಗ ಕಂಪ್ಯೂಟರ್ ತೋರಿಸುವ ವಿಳಾಸವನ್ನು ವೈರಸ್ ಬದಲಿಸಬಹುದು, ಸಾಧನದ ಪರದೆಯ ಮೇಲಿನದ್ದನ್ನೇ ನಂಬಬೇಕು. ಉಳಿದ ಬಣ್ಣ, ಬ್ಲೂಟೂತ್ ಎಲ್ಲ ನಿಮ್ಮಿಷ್ಟ.

ಆರ್ಡರ್ ಮಾಡುವಾಗ ಬೇರೆಯೇ ಒಂದು ಇಮೇಲ್ ಬಳಸಿ, ಸಾಧ್ಯವಾದರೆ ಅಂಗಡಿಯ ಅಥವಾ ಕಚೇರಿಯ ವಿಳಾಸ ಕೊಡಿ. 2020ರಲ್ಲಿ ಲೆಡ್ಜರ್ ಗ್ರಾಹಕರ ಪಟ್ಟಿ ಸೋರಿಕೆಯಾಗಿ ಸುಮಾರು 2 ಲಕ್ಷ 70 ಸಾವಿರ ಜನರ ಹೆಸರು, ಮನೆ ವಿಳಾಸ, ಫೋನ್ ಸಂಖ್ಯೆ ಬಯಲಾಯಿತು. ಮರುವರ್ಷ ಅವರಲ್ಲಿ ಕೆಲವರ ಮನೆಗೆ ಅಂಚೆಯಲ್ಲಿ ನಕಲಿ ಸಾಧನಗಳೇ ಬಂದವು. "ಹಳೆಯದು ಸುರಕ್ಷಿತವಲ್ಲ, ಇದನ್ನು ಬಳಸಿ" ಎಂಬ ಅರ್ಥದ ಪತ್ರವೂ ಜೊತೆಗಿತ್ತು.

ಪೆಟ್ಟಿಗೆ ಕೈಸೇರಿದ ಮೇಲೆ ಕಂಪೆನಿಯ ವೆಬ್‌ಸೈಟಿನಿಂದಲೇ ಆ್ಯಪ್ ಇಳಿಸಿಕೊಳ್ಳಿ. 2023ರಲ್ಲಿ ಮೈಕ್ರೋಸಾಫ್ಟ್ ಸ್ಟೋರಿನೊಳಗೂ ಲೆಡ್ಜರ್ ಹೆಸರಿನ ನಕಲಿ ಆ್ಯಪ್ ಸೇರಿಕೊಂಡಿತ್ತು. ಲೆಡ್ಜರ್ ಸಾಧನ ಅಸಲಿಯೇ ಎಂದು ಅದರ ಆ್ಯಪ್ ಪರೀಕ್ಷಿಸಿ ಹೇಳುತ್ತದೆ. ಟ್ರೆಝರ್ ಕಾರ್ಖಾನೆಯಿಂದ ಫರ್ಮ್‌ವೇರ್ ಇಲ್ಲದೆಯೇ ಬರುತ್ತದೆ, ಮೊದಲೇ ಹಾಕಿದ್ದರೆ ಬಳಸಬೇಡಿ. ಪಿನ್ ನೀವೇ ಇಡಬೇಕು. ಪದಗಳನ್ನು ಪೆನ್ನಿನಿಂದ ಕಾಗದದ ಮೇಲೆ ಬರೆಯಿರಿ. ಮೊಬೈಲಿನಲ್ಲಿ ಫೋಟೋ ತೆಗೆಯಬೇಡಿ, ವಾಟ್ಸ್ಆ್ಯಪ್‌ನಲ್ಲಿ ನಿಮಗೆ ನೀವೇ ಕಳುಹಿಸಿಕೊಳ್ಳಲೂ ಬೇಡಿ. ಕಂಪೆನಿಯವರೆಂದು ಫೋನ್ ಮಾಡಿ ಪದ ಕೇಳಿದವನು ಕಳ್ಳ, ಅದರಲ್ಲಿ ಅನುಮಾನ ಬೇಡ. ಮೊದಲು ಸಣ್ಣ ಮೊತ್ತ ಹಾಕಿ, ಸಾಧನವನ್ನು ಪೂರ್ತಿ ಅಳಿಸಿ, ಬರೆದಿಟ್ಟ ಪದಗಳಿಂದ ಮತ್ತೆ ತೆರೆಯಿರಿ. ಮೊತ್ತ ಕಂಡರೆ ಮಾತ್ರ ಉಳಿದದ್ದನ್ನು ಹಾಕಿ.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಕಪಾಟಿನೊಳಗಿನ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ, ಗೆದ್ದಲಂತೂ ಇದ್ದೇ ಇದೆ. ಪದಗಳನ್ನು ಸ್ಟೀಲ್ ತಗಡಿನ ಮೇಲೆ ಕೊರೆದಿಡುವುದು ಒಳ್ಳೆಯದು. ಕೊರೆಯುವ ಕೆಲಸವನ್ನು ಅಂಗಡಿಯವನಿಗೆ ಕೊಡಬೇಡಿ, ನೀವೇ ಮಾಡಿ.

ಕೊನೆಯದೊಂದು ವಿಷಯ, ಇದು ಇಮಾಮನಾಗಿ ನನ್ನ ಬಳಿಗೇ ಬರುವಂಥದ್ದು. ಎರಡು ವರ್ಷಗಳ ಹಿಂದೆ ಗಂಡನನ್ನು ಕಳೆದುಕೊಂಡ ಸಹೋದರಿಯೊಬ್ಬರು ಇದ್ದತ್ ಮುಗಿಸಿ, ಆಸ್ತಿ ಪಾಲಿನ ಲೆಕ್ಕ ಕೇಳಲು ತಮ್ಮ ಅಣ್ಣನ ಜೊತೆ ಬಂದಿದ್ದರು. ಮನೆ, ಚಿನ್ನ, ಬ್ಯಾಂಕಿನ ಹಣ ಎಲ್ಲ ಬರೆದಾಯಿತು. ಆಮೇಲೆ ಸೆರಗಿನ ಗಂಟಿನಿಂದ ಇಂಥದೇ ಒಂದು ಸಾಧನ ತೆಗೆದು, "ಇದರಲ್ಲಿ ತುಂಬ ಇದೆಯೆಂದು ಹೇಳುತ್ತಿದ್ದರು" ಎಂದರು. ಪಿನ್ ಗೊತ್ತಿಲ್ಲ, ಪದಗಳ ಕಾಗದ ಎಲ್ಲಿದೆಯೆಂದೂ ಗೊತ್ತಿಲ್ಲ. ಲೆಡ್ಜರಿನಲ್ಲಿ ಮೂರು ಸಲ ತಪ್ಪು ಪಿನ್ ಒತ್ತಿದರೆ ಅದು ತನ್ನೊಳಗಿನದ್ದನ್ನು ಅಳಿಸಿಕೊಳ್ಳುತ್ತದೆ. ಬ್ಯಾಂಕಿನಂತೆ ಮರಣ ಪ್ರಮಾಣಪತ್ರ ತೋರಿಸಿ ಬಿಡಿಸಿಕೊಳ್ಳುವ ಕೌಂಟರು ಇಲ್ಲಿಲ್ಲ. ಹೆಂಡತಿಯ ಎಂಟನೇ ಒಂದು ಪಾಲು, ತಾಯಿಯ ಆರನೇ ಒಂದು ಪಾಲು, ಮಕ್ಕಳ ಪಾಲು ಎಲ್ಲ ಕಾಗದದ ಮೇಲೆ ಬರೆದು ಕೊಟ್ಟೆ, ಆ ಸಾಧನದ ಮುಂದೆ ಮಾತ್ರ ಏನೂ ಬರೆಯಲಾಗಲಿಲ್ಲ. ಹಾಗಾಗಿ ವಸಿಯ್ಯತ್ ಬರೆಯುವಾಗ ಇಂಥ ಸಾಧನವಿದೆ, ಪದಗಳು ಇಂಥ ಕಡೆ ಇವೆ ಎಂದು ಸೇರಿಸಿ. ಪದಗಳನ್ನೇ ಅದರಲ್ಲಿ ಬರೆಯಬೇಡಿ. ಸಾಧನ ಮನೆಯಲ್ಲಿದ್ದರೆ ಪದಗಳು ಬ್ಯಾಂಕ್ ಲಾಕರಿನಲ್ಲಿರಲಿ, ಮನೆಯ ಇಬ್ಬರಿಗಾದರೂ ಅದು ತಿಳಿದಿರಲಿ.

ಆ ಯುವಕ ರಜೆ ಮುಗಿಯುವ ಮೊದಲೇ ಕಂಪೆನಿಯಿಂದ ನೇರವಾಗಿ ಬೇರೊಂದನ್ನು ತರಿಸಿಕೊಂಡ. ಮದುವೆಯ ಹಣದ ದೊಡ್ಡ ಪಾಲನ್ನು ರೂಪಾಯಿ ಮಾಡಿ ಉಮ್ಮನ ಖಾತೆಗೆ ಹಾಕಿದ. ಅರ್ಧ ಬೆಲೆಯ ಪೆಟ್ಟಿಗೆ ಮತ್ತು ಆ ಕಾರ್ಡು ಈಗ ಮದ್ರಸದಲ್ಲಿ ನನ್ನ ಮೇಜಿನ ಡ್ರಾಯರಿನಲ್ಲಿವೆ, ನೋಡಬೇಕೆಂದವರು ಅಸರ್ ನಮಾಝಿನ ನಂತರ ಬರಬಹುದು.