ನಗರದ ಉಸಿರಿಗೆ ಕಾವಲು

ನೀರು ಕಲಕಾಗಿದ್ದರೆ ಸೋಸಿ, ಕಾಯಿಸಿ ಕುಡಿಯಬಹುದು. ಅಕ್ಕಿಯಲ್ಲಿ ಕಲ್ಲಿದ್ದರೆ ಮೊರಕ್ಕೆ ಹಾಕಿ ಆರಿಸಬಹುದು. ಗಾಳಿಯ ವಿಷಯದಲ್ಲಿ ಮನುಷ್ಯನಿಗೆ ಈ ಸ್ವಾತಂತ್ರ್ಯವಿಲ್ಲ. ಊರಿನ ಗಾಳಿ ಹೇಗಿದೆಯೋ ಹಾಗೆಯೇ ಅದನ್ನು ಒಳಗೆ ಎಳೆದುಕೊಳ್ಳದೆ ವಿಧಿಯಿಲ್ಲ. ಗಾಳಿ ಎಲ್ಲರಿಗೂ ಒಂದೇ ಎಂದು ಹೇಳುವುದು ವಾಡಿಕೆ. ಆದರೆ ಹೊಗೆಯ ಹಂಚಿಕೆಯಲ್ಲಿ ಆ ಸಮತ್ವವನ್ನು ಕಾಣೆವು. ಗಾಜನ್ನೇರಿಸಿಕೊಂಡು ಕಾರಿನಲ್ಲಿ ಸಾಗುವವನು ಹೊಗೆಯನ್ನು ಬಿಟ್ಟು ಮುಂದೆ ಹೋಗುತ್ತಾನೆ. ನಾಲ್ಕು ರಸ್ತೆ ಕೂಡುವೆಡೆ ದಿನವಿಡೀ ಕೈಬೀಸುತ್ತ ನಿಲ್ಲುವ ಪೋಲೀಸಿನವನೂ, ಬಸ್ಸಿಗಾಗಿ ಕಾಯುವ ಶಾಲೆಯ ಮಕ್ಕಳೂ, ರಸ್ತೆಯಂಚಿನಲ್ಲಿ ಹೂ ಕಟ್ಟುತ್ತ ಕುಳಿತ ಹೆಂಗಸೂ ಅದನ್ನು ಉಣ್ಣುತ್ತಾರೆ.

ಈ ಗಾಳಿಯನ್ನು ಕಾಯುವ ಹೊಣೆ ಯಾರದು? ನಮ್ಮ ದೇಶದ ಕಾನೂನು ಇದಕ್ಕೆ ಉತ್ತರ ಹೇಳಿದೆ. 1981ರ ವಾಯುಮಾಲಿನ್ಯ ಕಾಯಿದೆ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಲಿಗೆ ವಿಧಿಸಿರುವ ಕರ್ತವ್ಯಗಳಲ್ಲಿ ಸರ್ಕಾರಕ್ಕೆ ಸಲಹೆ ಕೊಡುವುದೂ ಒಂದು. ಮೋಟಾರುಗಳ ಹೊಗೆಯ ವಿಷಯಕ್ಕೆ ಅದೇ ಕಾಯಿದೆಯ 20ನೆಯ ವಿಧಿಯುಂಟು. ಅದರಂತೆ ರಾಜ್ಯ ಸರ್ಕಾರ ಮಂಡಲಿಯೊಡನೆ ಸಮಾಲೋಚಿಸಿ, ವಾಹನಗಳನ್ನು ನೋಂದಾಯಿಸುವ ಅಧಿಕಾರಿಗಳಿಗೆ ಸೂಚನೆ ನೀಡಬೇಕು. ಎಂದರೆ ಗಾಳಿಯನ್ನು ಅಳೆಯುವವರು ಒಬ್ಬರು, ಆಜ್ಞೆ ಮಾಡುವವರು ಮತ್ತೊಬ್ಬರು, ಅದನ್ನು ನಡೆಸುವವರು ಮೂರನೆಯವರು. ಇವರೆಲ್ಲರ ನಡುವೆ ಓಡಾಡಬೇಕಾದುದು ಸಲಹೆಯೆಂಬ ಬಡಪಾಯಿ.

ಸಲಹಾ ಸಮಿತಿಯೆಂದರೆ ನಗುವುದು ನಮಗೆ ರೂಢಿಯಾಗಿದೆ. ಕೆಲಸವನ್ನು ಮುಂದೂಡಬೇಕಾದರೆ ಒಂದು ಸಮಿತಿಯನ್ನು ನೇಮಿಸಿದರಾಯಿತು ಎಂಬ ಚಟಾಕಿಯನ್ನು ಕೇಳದವರಿಲ್ಲ. ಆದರೆ ಹೊಗೆಯ ಚರಿತ್ರೆಯನ್ನು ತೆರೆದು ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ಕೈಯಲ್ಲಿ ದೊಡ್ಡ ಅಧಿಕಾರವಿಲ್ಲದ ಸಮಿತಿಗಳು ಕೆಲವು ಮಹಾನಗರಗಳ ಉಸಿರನ್ನು ಉಳಿಸಿವೆ. ಅವುಗಳ ಮಾತಿನಲ್ಲಿ ಯಾವ ಭಾಗ ನಡೆಯಿತು, ಯಾವ ಭಾಗ ಗಾಳಿಗೆ ತೂರಿ ಹೋಯಿತು ಎಂಬುದು ವಿಚಾರ ಮಾಡತಕ್ಕ ವಿಷಯ. ಇದಕ್ಕೆ ಎರಡು ನಗರಗಳ ಕಥೆ ಸಾಕು.

ಬಿಸಿಲಿನಲ್ಲಿ ಹುಟ್ಟಿದ ಹೊಗೆ

1943ರ ಜುಲೈ 26ರಂದು ಅಮೆರಿಕದ ಪಶ್ಚಿಮ ಕರಾವಳಿಯ ಲಾಸ್ ಏಂಜಲಿಸ್ ನಗರವನ್ನು ದಟ್ಟವಾದ ಮಬ್ಬು ಕವಿಯಿತು. ಜನರ ಕಣ್ಣು ಉರಿಯಿತು, ಗಂಟಲು ಕೆರೆಯಿತು. ಅದು ಯುದ್ಧಕಾಲ, ಶತ್ರುಗಳು ವಿಷಾನಿಲ ಬಿಟ್ಟರೇನೋ ಎಂದು ಹೆದರಿದವರೂ ಉಂಟು. ಆಮೇಲೆ ಸಂಶಯ ಊರಿನ ಕೃತಕ ರಬ್ಬರಿನ ಕಾರ್ಖಾನೆಯ ಕಡೆ ತಿರುಗಿತು. ಅದನ್ನು ಕೆಲಕಾಲ ನಿಲ್ಲಿಸಿ ನೋಡಿದರು. ಮಬ್ಬು ಕದಲಲಿಲ್ಲ.

1952ರ ಡಿಸೆಂಬರಿನಲ್ಲಿ ಲಂಡನ್ ನಗರವನ್ನು ಐದು ದಿನ ಮುತ್ತಿದ ಕಾವಳ, ಅಂದಿನ ಲೆಕ್ಕದಲ್ಲಿಯೇ ಸುಮಾರು 4,000 ಜನರನ್ನು ಬಲಿ ತೆಗೆದುಕೊಂಡಿತು. ಅಲ್ಲಿ ಅಪರಾಧಿ ಯಾರೆಂಬುದು ಕಣ್ಣಿಗೆ ಕಾಣುವಂತಿತ್ತು: ಮನೆಮನೆಯ ಒಲೆಯ ಕಲ್ಲಿದ್ದಲು. ಸರ್ ಹ್ಯೂ ಬೀವರ್ ಅಧ್ಯಕ್ಷತೆಯ ಸಮಿತಿ ಸಲಹೆ ಕೊಟ್ಟಿತು; 1956ರಲ್ಲಿ ಕಾನೂನು ಬಂದಿತು. ಲಾಸ್ ಏಂಜಲಿಸಿನ ಹೊಗೆ ಹಾಗಲ್ಲ. ಬಿಸಿಲು ಏರಿದಂತೆ ಅದೂ ಏರುತ್ತಿತ್ತು. ಅದರ ತೌರುಮನೆ ಯಾವುದೆಂದು ಯಾರಿಗೂ ಹೊಳೆಯಲಿಲ್ಲ.

ಆ ರಹಸ್ಯವನ್ನು ಬಿಡಿಸಿದವನು ಆರಿ ಹಾಗೆನ್-ಸ್ಮಿಟ್ ಎಂಬ ಡಚ್ ಮೂಲದ ರಸಾಯನಶಾಸ್ತ್ರಜ್ಞ. ಅನಾನಸಿನ ಪರಿಮಳ ಯಾವ ಯಾವ ದ್ರವ್ಯಗಳಿಂದ ಕೂಡಿದೆಯೆಂದು ಪರೀಕ್ಷಿಸುತ್ತಿದ್ದವನು, ಅದೇ ಉಪಾಯದಿಂದ ಊರಿನ ಗಾಳಿಯನ್ನು ತಣಿಸಿ, ಇಳಿಸಿ, ಅದರ ಸಾರವನ್ನು ನೋಡಿದ. ಪೆಟ್ರೋಲಿನ ಆವಿಯೂ ಮೋಟಾರುಗಳ ಬಾಲದಿಂದ ಬರುವ ಸಾರಜನಕದ ಆಕ್ಸೈಡುಗಳೂ ಬಿಸಿಲಿನಲ್ಲಿ ಬೆರೆತಾಗ ಓಜೋನ್ ಹುಟ್ಟುತ್ತದೆ. ಕಣ್ಣುರಿಸುವ ಮಬ್ಬು ಈ ಪಾಕದ ಫಲ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟ. ಬಾಗಿಸಿಟ್ಟ ರಬ್ಬರಿನ ಪಟ್ಟಿ ಆ ಗಾಳಿಯಲ್ಲಿ ಬಿರುಕುಬಿಡುವುದೇ ಅವನ ಸಾಕ್ಷ್ಯಗಳಲ್ಲೊಂದು. ಊರಿನ ಜನ ತಾವು ಮೆಚ್ಚಿ ಕೊಂಡ ಕಾರೇ ತಮ್ಮ ಕಣ್ಣನ್ನು ಉರಿಸುತ್ತಿದೆಯೆಂಬ ಮಾತನ್ನು ನಂಬಬೇಕಾಯಿತು. ತೈಲದ ಕಂಪನಿಗಳ ಕಡೆಯವರು ಒಡನೆಯೇ ಒಪ್ಪಲಿಲ್ಲ. 1953ರಲ್ಲಿ ಆ ಪ್ರಾಂತದ ಆಡಳಿತ ಮಂಡಲಿಯ ಸದಸ್ಯ ಕೆನ್ನೆತ್ ಹಾನ್ ಎಂಬವನು ಇದರ ಬಗ್ಗೆ ಏನು ಮಾಡುತ್ತಿದ್ದೀರೆಂದು ಫೋರ್ಡ್ ಕಂಪನಿಗೆ ಕಾಗದ ಬರೆದು ಕೇಳಿದ. ಆ ಆವಿ ಗಾಳಿಯಲ್ಲಿ ಬೇಗನೆ ಕರಗಿಹೋಗುವುದರಿಂದ ಚಿಂತೆಗೆ ಕಾರಣವಿಲ್ಲವೆಂದು ಉತ್ತರ ಬಂದಿತು.

ಅದೇ ವರ್ಷ ಕ್ಯಾಲಿಫೋರ್ನಿಯದ ಗವರ್ನರ್ ಗುಡ್‌ವಿನ್ ನೈಟ್ ಒಂದು ಸಮಿತಿಯನ್ನು ನೇಮಿಸಿದ. ಆರ್ನಲ್ಡ್ ಬೆಕ್‌ಮನ್ ಎಂಬ ವಿಜ್ಞಾನಿ ಅದರ ಅಧ್ಯಕ್ಷ. ತೈಲದ ಕಾರ್ಖಾನೆಗಳಿಂದಲೂ ಪೆಟ್ರೋಲ್ ತುಂಬಿಸುವ ಸ್ಥಳಗಳಿಂದಲೂ ಆವಿ ಸೋರಕೂಡದು. ಮೋಟಾರುಗಳ ಹೊಗೆಗೆ ಮಿತಿ ಗೊತ್ತುಮಾಡಬೇಕು. ಡೀಸೆಲ್ ಲಾರಿ ಬಸ್ಸುಗಳು ಪ್ರೊಪೇನ್ ಅನಿಲಕ್ಕೆ ಬದಲಾಗಬೇಕು. ಬಯಲಿನಲ್ಲಿ ಕಸ ಸುಡುವುದು ನಿಲ್ಲಬೇಕು. ಜನರೆಲ್ಲ ಸಂಚರಿಸಲು ತ್ವರಿತವಾದ ಸಾರ್ವಜನಿಕ ಸಾರಿಗೆ ಬೇಕು. ಇವು ಆ ಸಮಿತಿಯ ಮುಖ್ಯ ಸಲಹೆಗಳು.

ಇವುಗಳ ಗತಿ ಏನಾಯಿತು? ಮೋಟಾರು ಹೊಗೆಯ ಮಿತಿ 1966ರ ಮಾದರಿಯ ಕಾರುಗಳಿಗೆ ಬಂದಿತು. 1967ರಲ್ಲಿ ರಾಜ್ಯಕ್ಕೆಲ್ಲ ಒಂದು ವಾಯು ಮಂಡಲಿಯಾಗಿ ಹಾಗೆನ್-ಸ್ಮಿಟ್ ಅದರ ಮೊದಲ ಅಧ್ಯಕ್ಷನಾದ. ತಡವಾದರೂ ಯಂತ್ರ ತಿದ್ದಿಕೊಂಡಿತು. ಆದರೆ ಸಾರ್ವಜನಿಕ ಸಾರಿಗೆಯ ಸಲಹೆ? ಊರಿನಲ್ಲಿದ್ದ ಟ್ರಾಮುಗಳೇ 1963ರಲ್ಲಿ ಕೊನೆಯ ಬಾರಿ ಓಡಿ ನಿಂತವು. ಹೊಸ ರೈಲುಮಾರ್ಗವೊಂದು ತೆರೆಯುವುದಕ್ಕೆ 1990 ಬರಬೇಕಾಯಿತು.

ದೆಹಲಿಯ ಬಸ್ಸುಗಳು

ನಮ್ಮ ರಾಜಧಾನಿಯ ಕಥೆ ಇನ್ನೂ ಹತ್ತಿರದ್ದು. ನ್ಯಾಯವಾದಿ ಎಂ. ಸಿ. ಮೆಹತಾ 1985ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಸಲ್ಲಿಸಿದ ರಿಟ್ ಅರ್ಜಿಯ ವಿಚಾರಣೆ ವರ್ಷಗಟ್ಟಲೆ ನಡೆಯಿತು. 1998ರ ಜನವರಿಯಲ್ಲಿ ಕೇಂದ್ರ ಸರ್ಕಾರ ಭೂರೇ ಲಾಲ್ ಅವರ ಅಧ್ಯಕ್ಷತೆಯಲ್ಲಿ ದೆಹಲಿ ಪ್ರದೇಶಕ್ಕೆಂದು ಪರಿಸರ ಮಾಲಿನ್ಯ ನಿಯಂತ್ರಣ ಪ್ರಾಧಿಕಾರವನ್ನು ರಚಿಸಿತು. ಕಾಗದದ ಮೇಲೆ ಅದಕ್ಕೆ ಕೆಲವು ಅಧಿಕಾರಗಳಿದ್ದರೂ, ಅದು ಹೆಸರಾದುದು ನ್ಯಾಯಾಲಯಕ್ಕೆ ಕೊಟ್ಟ ವರದಿಗಳಿಂದ. ಕಾರು ತಯಾರಕರ ಪ್ರತಿನಿಧಿಯೂ ಅದರಲ್ಲಿದ್ದರು. ವಾಯುಮಾಲಿನ್ಯದ ವಿರುದ್ಧ ಲೇಖನಿ ಹಿಡಿದಿದ್ದ ಅನಿಲ್ ಅಗರ್‌ವಾಲರೂ ಇದ್ದರು.

ಆ ವರದಿಯ ಗುಣವೇನೆಂದರೆ, ಅದರ ಪ್ರತಿಯೊಂದು ಸಲಹೆಗೂ ಒಂದು ತಾರೀಖಿತ್ತು. ಅದನ್ನು ಆಧರಿಸಿ 1998ರ ಜುಲೈ 28ರಂದು ನ್ಯಾಯಾಲಯ ಆಜ್ಞೆ ಮಾಡಿತು. ಸೀಸ ಬೆರೆತ ಪೆಟ್ರೋಲ್ 1998ರ ಸೆಪ್ಟೆಂಬರ್ 1ರಿಂದ ಕೂಡದು. 1990ಕ್ಕೆ ಹಿಂದಿನ ಆಟೋ, ಟ್ಯಾಕ್ಸಿಗಳ ಬದಲು 2000ದ ಮಾರ್ಚ್ 31ರೊಳಗೆ ಶುದ್ಧ ಇಂಧನದ ಹೊಸ ವಾಹನಗಳು ಬರಬೇಕು. 2001ರ ಮಾರ್ಚ್ 31ರೊಳಗೆ ನಗರದ ಬಸ್ಸುಗಳೆಲ್ಲ ಸಿ.ಎನ್.ಜಿ. ಎಂಬ ನೈಸರ್ಗಿಕ ಅನಿಲದಿಂದ ಓಡಬೇಕು. ಬಸ್ಸುಗಳ ಸಂಖ್ಯೆ 10,000ಕ್ಕೆ ಏರಬೇಕು.

ಆಜ್ಞೆ ಸುಲಭವಾಗಿ ನಡೆಯಿತೆಂದಲ್ಲ. ಗಡುವು ಬಂದಾಗ ಬಸ್ಸುಗಳು ಸಾಲದೆ ಜನ ಬೀದಿಯಲ್ಲಿ ನಿಂತರು. ಅನಿಲ ತುಂಬಿಸಿಕೊಳ್ಳಲು ಆಟೋ ಚಾಲಕರು ಗಂಟೆಗಟ್ಟಲೆ ಸರದಿಯಲ್ಲಿ ಕಾದರು. ಗಾಳಿಯನ್ನು ತೊಳೆಯುವ ಕೆಲಸದ ಮೊದಲ ಕಷ್ಟ ಬಡವರ ಹೆಗಲಿಗೇ ಬಿದ್ದಿತು ಎಂಬುದನ್ನು ಮರೆಯಲಾಗದು. ಈ ನಡುವೆ ಸರ್ಕಾರ ಡಾ. ಆರ್. ಎ. ಮಾಶೇಲ್ಕರ್ ಅಧ್ಯಕ್ಷತೆಯಲ್ಲಿ ಇನ್ನೊಂದು ಸಮಿತಿಯನ್ನು ನೇಮಿಸಿತು. ಹೊಗೆಯ ಮಟ್ಟವನ್ನಷ್ಟೇ ಸರ್ಕಾರ ಗೊತ್ತುಮಾಡಲಿ, ಇಂಥದೇ ಇಂಧನವೆಂದು ವಿಧಿಸುವುದು ಬೇಡವೆಂದು ಅದು ಹೇಳಿತು. ಶಾಸ್ತ್ರದೃಷ್ಟಿಯಿಂದ ತೆಗೆದುಹಾಕುವ ಮಾತಲ್ಲ. ಆದರೆ ಎದುರು ವಾದವೂ ಬಲವಾಗಿತ್ತು: ಡೀಸೆಲಿಗೆ ಸೀಮೆಎಣ್ಣೆಯನ್ನು ಬೆರೆಸಬಹುದು, ಅನಿಲಕ್ಕೆ ಬೆರೆಸಲಾಗದು, ಮಟ್ಟ ಕಾಗದದಲ್ಲಿ ಉಳಿದು ಕಲಬೆರಕೆ ಬೀದಿಯಲ್ಲಿ ಓಡಿದರೆ ಫಲವೇನು? 2002ರ ಏಪ್ರಿಲ್ 5ರಂದು ನ್ಯಾಯಾಲಯ ತನ್ನ ಆಜ್ಞೆಯನ್ನೇ ಎತ್ತಿಹಿಡಿದು, ಡೀಸೆಲ್ ಬಸ್ಸುಗಳಿಗೆ ದಿನಕ್ಕೆ 500 ರೂಪಾಯಿಯಂತೆ, ತಿಂಗಳು ಕಳೆದ ಮೇಲೆ 1,000 ರೂಪಾಯಿಯಂತೆ ದಂಡ ವಿಧಿಸಿತು. ಆ ವರ್ಷದ ಡಿಸೆಂಬರಿನ ಹೊತ್ತಿಗೆ ದೆಹಲಿಯ ನಗರ ಬಸ್ಸುಗಳು ಅನಿಲಕ್ಕೆ ಬದಲಾಗಿದ್ದುವು. ಇದನ್ನು ನೋಡಲು ಅನಿಲ್ ಅಗರ್‌ವಾಲರು ಉಳಿದಿರಲಿಲ್ಲ. ಕ್ಯಾನ್ಸರಿನಿಂದ ಬಳಲುತ್ತಲೇ ಹೋರಾಡಿದ ಅವರು ಅದೇ ವರ್ಷದ ಜನವರಿ 2ರಂದು ತೀರಿಕೊಂಡರು.

ಯಂತ್ರ ಬದಲಾಯಿತು. ಆದರೆ 10,000 ಬಸ್ಸುಗಳ ಮಾತು ಗಡುವಿನೊಳಗೆ ಈಡೇರಲಿಲ್ಲ. ಖಾಸಗಿ ಕಾರುಗಳೂ ಸ್ಕೂಟರುಗಳೂ ವರ್ಷ ವರ್ಷ ಹೆಚ್ಚಿದುವು. ಗೆದ್ದ ಗೆಲುವು ಸವೆಯತೊಡಗಿತು. ಆ ಪ್ರಾಧಿಕಾರವನ್ನು 2020ರಲ್ಲಿ ವಿಸರ್ಜಿಸಿ, ಅದರ ಬದಲು ಶಾಸನಬದ್ಧವಾದ ಆಯೋಗವೊಂದನ್ನು ಏರ್ಪಡಿಸಲಾಯಿತು. ಚಳಿಗಾಲದ ದೆಹಲಿಯ ಗಾಳಿ ಇಂದಿಗೂ ಸುದ್ದಿಯಾಗುತ್ತಲೇ ಇದೆ.

ನಡೆದ ಮಾತು, ನಡೆಯದ ಮಾತು

ಎರಡು ಖಂಡಗಳ ಎರಡು ನಗರಗಳಲ್ಲಿ ಐವತ್ತು ವರ್ಷಗಳ ಅಂತರದಲ್ಲಿ ಆದುದು ಒಂದೇ ಬಗೆ. ಎಂಜಿನಿನ ಬಗೆಗಿನ ಸಲಹೆ ಕಡೆಗೆ ನಡೆಯಿತು. ಜನರ ಓಡಾಟದ ಬಗೆಗಿನ ಸಲಹೆ ನಡೆಯಲಿಲ್ಲ. ಇದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ಎಂಜಿನನ್ನು ತಿದ್ದಿರೆಂಬ ಆಜ್ಞೆಯನ್ನು ಕೆಲವೇ ತಯಾರಕರಿಗೆ ಕೊಟ್ಟರೆ ಸಾಕು. ತಾರೀಖು ತಪ್ಪಿದರೆ ದಂಡ ಹಾಕಬಹುದು. ಬಸ್ಸು ಹಾಗಲ್ಲ. ಅದಕ್ಕೆ ವರ್ಷ ವರ್ಷವೂ ಹಣ ಬೇಕು, ರಸ್ತೆಯಲ್ಲಿ ಜಾಗ ಬೇಕು. ಆ ಜಾಗವನ್ನು ಕಾರಿನಿಂದ ಬಿಡಿಸಿ ಕೊಡಬೇಕು. ಕಾರಿನವರ ದನಿ ವಿಧಾನಸೌಧದವರೆಗೆ ಮುಟ್ಟುವಷ್ಟು ಸಲೀಸಾಗಿ ಬಸ್ಸಿನವರ ದನಿ ಮುಟ್ಟುವುದಿಲ್ಲ.

ಈ ಮಾತು ನಮ್ಮ ನಾಡಿಗೆ ಈಗ ತೀರ ಸಲ್ಲುತ್ತದೆ. 2019ರ ಜನವರಿಯಲ್ಲಿ ಕೇಂದ್ರ ಸರ್ಕಾರ ಪ್ರಾರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ನಗರಗಳು ಸೇರಿವೆ. ಅದರ ಮೇಲ್ವಿಚಾರಣೆಗೆ ರಾಜ್ಯ ಮಟ್ಟದಲ್ಲಿಯೂ ನಗರ ಮಟ್ಟದಲ್ಲಿಯೂ ಸಮಿತಿಗಳ ಏರ್ಪಾಡಿದೆ. ಎಂಜಿನಿನ ವಿಷಯವನ್ನು ಈ ಸಮಿತಿಗಳು ನಿರ್ಣಯಿಸಬೇಕಾಗಿಲ್ಲ. ಅದನ್ನು ದೆಹಲಿಯೇ ನಿರ್ಣಯಿಸುತ್ತದೆ: ಭಾರತ್ ಸ್ಟೇಜ್ 4ರಿಂದ ನೇರವಾಗಿ 6ಕ್ಕೆ ನೆಗೆಯುವ ನಿಯಮ 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಜಾರಿಗೆ ಬಂದಿತು. ಊರಿನ ಸಮಿತಿಗೆ ಉಳಿದಿರುವುದು ಲಾಸ್ ಏಂಜಲಿಸಿನಲ್ಲಿಯೂ ದೆಹಲಿಯಲ್ಲಿಯೂ ನಡೆಯದೆ ಹೋದ ಆ ಇನ್ನೊಂದು ಭಾಗವೇ.

ಬೆಂಗಳೂರಿನ ಗಾಳಿ ದೆಹಲಿಯಷ್ಟು ಕೆಟ್ಟಿಲ್ಲವೆಂಬುದು ನಿಜ. ಎತ್ತರದ ನೆಲ, ಬೀಸುವ ಗಾಳಿ ನಮಗೆ ದೈವದತ್ತವಾಗಿ ಬಂದಿವೆ. ಆದರೆ ದೈವ ಕೊಟ್ಟುದನ್ನು ಎಷ್ಟು ದಿನ ಉಂಡೇವು? ನಗರದಲ್ಲಿ ನೋಂದಾಯಿತವಾದ ವಾಹನಗಳು 1 ಕೋಟಿಯನ್ನು ದಾಟಿವೆ. ನಗರ ಸಾರಿಗೆ ಸಂಸ್ಥೆಯ ಬಸ್ಸುಗಳು 7,000ದ ಆಸುಪಾಸು. 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಬಸ್ಸುಗಳಿಗೆಂದೇ ಒಂದು ಪಥವನ್ನು ಬೇರ್ಪಡಿಸಿದರು. ಮೆಟ್ರೋ ಕಾಮಗಾರಿ ಬಂದಾಗ ಆ ಪಥ ಉಳಿಯಲಿಲ್ಲ. ವಾಹನಗಳ ಹೊಗೆ ತಪಾಸಣೆಯ ಪತ್ರವನ್ನು ಎಲ್ಲರೂ ಜೇಬಿನಲ್ಲಿಟ್ಟುಕೊಂಡಿರುತ್ತೇವೆ. ಆ ತಪಾಸಣೆ ಪೆಟ್ರೋಲ್ ಗಾಡಿಗಳಲ್ಲಿ ಮುಖ್ಯವಾಗಿ ಇಂಗಾಲದ ಮಾನಾಕ್ಸೈಡನ್ನೂ ಹೈಡ್ರೋಕಾರ್ಬನ್ನುಗಳನ್ನೂ, ಡೀಸೆಲ್ ಗಾಡಿಗಳಲ್ಲಿ ಹೊಗೆಯ ಕಪ್ಪನ್ನೂ ನೋಡುತ್ತದೆ. ಪುಪ್ಪುಸದ ಆಳಕ್ಕೆ ಇಳಿಯುವ ಅತಿಸೂಕ್ಷ್ಮ ಕಣಗಳನ್ನು ತೂಗಿ ಹೇಳುವುದಿಲ್ಲ. ನಮ್ಮ ದೇಶದ ಅಳತೆಗೋಲಿನಂತೆ ಅಂಥ ಕಣಗಳು ವರ್ಷದ ಸರಾಸರಿಯಲ್ಲಿ ಘನಮೀಟರಿಗೆ 40 ಮೈಕ್ರೋಗ್ರಾಮಿನವರೆಗೆ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಟ್ಟ 5. ಪತ್ರ ಸರಿಯಾಗಿದ್ದ ಮಾತ್ರಕ್ಕೆ ಗಾಳಿ ಸರಿಯಾಗಿದೆಯೆಂದು ಅರ್ಥವಲ್ಲ.

ಹಾಗಾದರೆ ಊರಿನ ಸಮಿತಿ ಮಾಡಬೇಕಾದುದೇನು? ಮೊದಲನೆಯದಾಗಿ, ಅಳತೆಯ ಲೆಕ್ಕ ಅದರ ಕೈಯಲ್ಲಿರಬೇಕು. ಹಾಗೆನ್-ಸ್ಮಿಟ್ ಕಂಪನಿಗಳ ಎದುರು ನಿಂತುದು ರಬ್ಬರಿನ ಪಟ್ಟಿಯ ಬಲದಿಂದ. ಎರಡನೆಯದಾಗಿ, ಅದರ ಸಲಹೆಗೆ ತಾರೀಖಿರಬೇಕು. ‘ಆದಷ್ಟು ಬೇಗ’ ಎಂಬ ಮಾತು ಯಾರನ್ನೂ ಕಟ್ಟಿಹಾಕಲಾರದು. ಎಷ್ಟು ಬಸ್ಸು, ಯಾವ ರಸ್ತೆಯಲ್ಲಿ ಬಸ್ಸಿನ ಪಥ, ಎಷ್ಟು ಮೈಲಿ ಕಾಲುದಾರಿ, ಯಾವ ತಿಂಗಳೊಳಗೆ ಎಂದು ಬರೆಯಬೇಕು. ಮೂರನೆಯದಾಗಿ, ಆ ಸಲಹೆ ಜನರ ಮುಂದೆ ತಿಳಿಗನ್ನಡದಲ್ಲಿ ಬರಬೇಕು. ಅದನ್ನು ಒಪ್ಪದ ಅಧಿಕಾರಿ ಕಾರಣವನ್ನೂ ಬರೆದು ಕೊಡಬೇಕು. ದೆಹಲಿಯಲ್ಲಿ ಸಲಹೆಯ ಬೆನ್ನಿಗೆ ಸರ್ವೋಚ್ಚ ನ್ಯಾಯಾಲಯ ನಿಂತಿತ್ತು. ಪ್ರತಿಯೊಂದು ಊರಿನ ಕಾಲುದಾರಿಗೂ ಬಸ್ಸಿಗೂ ನ್ಯಾಯಾಲಯವೇ ಬಂದು ನಿಲ್ಲುವುದು ಆಗದ ಮಾತು. ಅದರ ಸ್ಥಾನದಲ್ಲಿ ನಿಲ್ಲತಕ್ಕವರು ಆ ಊರಿನ ಪೌರರು.

ಸಮಿತಿಯಲ್ಲಿ ಯಾರು ಕೂಡುತ್ತಾರೆಂಬುದೂ ಮುಖ್ಯ. ಇಂಜಿನಿಯರು, ವೈದ್ಯ, ಅಧಿಕಾರಿ ಇರಲಿ. ಅವರ ಜೊತೆಗೆ ಬಸ್ಸಿನ ಕಂಡಕ್ಟರನೊಬ್ಬನಿಗೂ ಆಟೋ ಚಾಲಕನೊಬ್ಬನಿಗೂ ಒಂದೊಂದು ಕುರ್ಚಿ ಹಾಕಿದರೆ ತಪ್ಪೇನು? ದಿನವೂ ಹೆಚ್ಚು ಹೊಗೆ ಕುಡಿಯುವವರು ಅವರು. ಗಡುವು ಬಂದಾಗ ಸರದಿಯಲ್ಲಿ ಕಾಯುವವರೂ ಅವರೇ. 2001ರಲ್ಲಿ ದೆಹಲಿಯ ಅನಿಲದ ಅಂಗಡಿಗಳ ಮುಂದೆ ಅವರು ನಿಂತ ಆ ಉದ್ದ ಸಾಲುಗಳನ್ನು ನೆನೆದರೆ, ಅವರ ಮಾತನ್ನು ಮೊದಲೇ ಕೇಳಿಕೊಳ್ಳುವುದು ಲೇಸೆಂದು ಯಾರಿಗಾದರೂ ತೋರೀತು.