ಬಿಡಿಭಾಗಕ್ಕೂ ಒಂದು ಜಾತಕ

‘ಸ್ಟಾಕ್ ಕಾರ್’ ಎಂದರೆ ನನ್ನ ಹಾಸ್ಟೆಲ್ ಗೆಳೆಯರಿಗೆ ಷೇರು ಮಾರುಕಟ್ಟೆಯೇ ನೆನಪಾಗುತ್ತದೆ. ಷೇರಿಗೂ ಇದಕ್ಕೂ ಸಂಬಂಧವಿಲ್ಲ. ಷೋರೂಮಿನ ದಾಸ್ತಾನಿನಲ್ಲಿ ಹೇಗಿದೆಯೋ ಹಾಗೆಯೇ ರೇಸಿಗೆ ಇಳಿಯುವ ಕಾರು ಎಂಬುದು ಆ ಹೆಸರಿನ ಮೂಲ ಅರ್ಥ. ಅಮೆರಿಕದ ‘ನ್ಯಾಸ್ಕಾರ್’ ರೇಸುಗಳು ಹುಟ್ಟಿದ್ದು ಈ ಕಲ್ಪನೆಯಿಂದಲೇ. ಆ ಕಾಲದ ಕಾರುಗಳ ಪ್ರತಿಕೃತಿಗಳನ್ನು ಈಗ ಹವ್ಯಾಸಿಗಳು ಅಲ್ಲಿ ಕಟ್ಟುತ್ತಾರೆ. ಮೆಕ್ಯಾನಿಕಲ್ ಬಿಇ ಓದುತ್ತಿರುವ ನಾನು ಕಳೆದ ಕೆಲವು ತಿಂಗಳಿಂದ ಅಂಥದ್ದೊಂದು ಕಾರಿನ ಬೆನ್ನುಬಿದ್ದಿದ್ದೇನೆ, ಇಲ್ಲೇ ಕೂತು.

ನನ್ನ ದೊಡ್ಡಮ್ಮನ ಮಗ ಉತ್ತರ ಕೆರೊಲಿನಾದ ಷಾರ್ಲೆಟ್ ನಗರದಲ್ಲಿ ಕೆಲಸದಲ್ಲಿದ್ದಾನೆ. ಅವನ ಪಕ್ಕದ ಮನೆಯ ನಿವೃತ್ತ ಮೆಕ್ಯಾನಿಕ್ ಒಬ್ಬರು 1964ರ ಫೋರ್ಡ್ ಗ್ಯಾಲಕ್ಸಿ ರೇಸ್ ಕಾರಿನ ಪ್ರತಿಕೃತಿ ಕಟ್ಟುತ್ತಿದ್ದಾರೆ. ವಾರಾಂತ್ಯದಲ್ಲಿ ಅಣ್ಣನೇ ಅವರ ಸಹಾಯಕ. ಗುಜರಿಯಲ್ಲಿ, ಹಳೇ ಸಾಮಾನಿನ ಸಂತೆಯಲ್ಲಿ ಕಂಡ ಬಿಡಿಭಾಗಗಳ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ‘ಇದು ಯಾವುದು ಅಂತ ಸ್ವಲ್ಪ ನೋಡೋ’ ಎನ್ನುತ್ತಾನೆ. ನೋಡುತ್ತಾ ನೋಡುತ್ತಾ ತರಗತಿಯಲ್ಲಿ ಬಾಯಿಪಾಠ ಮಾಡಿದ್ದ ಎಷ್ಟೋ ಸಂಗತಿಗಳು ನನಗೆ ಅರ್ಥವಾದವು.

ಸ್ಪ್ರಿಂಗ್ ಕಸಿದ ಗೆಲುವು

ಬಿಡಿಭಾಗ ಗುರುತಿಸುವುದು ಎಷ್ಟು ಮುಖ್ಯ ಎಂಬುದಕ್ಕೆ ನ್ಯಾಸ್ಕಾರ್‌ನ ಮೊದಲ ‘ಸ್ಟ್ರಿಕ್ಟ್‌ಲಿ ಸ್ಟಾಕ್’ ರೇಸೇ ಸಾಕ್ಷಿ. ಅದು ನಡೆದದ್ದು 1949ರ ಜೂನ್ 19ರಂದು, ಇದೇ ಷಾರ್ಲೆಟ್‌ನಲ್ಲಿ. 1947ರ ಫೋರ್ಡ್ ಓಡಿಸಿದ ಗ್ಲೆನ್ ಡನ್‌ವೇ ಮೊದಲು ಗುರಿ ಮುಟ್ಟಿದರು. ರೇಸಿನ ನಂತರದ ತಪಾಸಣೆಯಲ್ಲಿ ಕಾರಿನ ಹಿಂದಿನ ಸ್ಪ್ರಿಂಗ್‌ಗಳನ್ನು ಮಾರ್ಪಡಿಸಿರುವುದು ಪತ್ತೆಯಾಯಿತು. ಗೆಲುವು ರದ್ದಾಗಿ, ಲಿಂಕನ್ ಕಾರು ಓಡಿಸಿದ್ದ ಜಿಮ್ ರೋಪರ್ ವಿಜೇತರಾದರು. ಫೋರ್ಡ್ ಕಾರಿನ ಮಾಲೀಕರು ಕೋರ್ಟ್ ಮೆಟ್ಟಿಲು ಹತ್ತಿದರೂ ಪ್ರಯೋಜನವಾಗಲಿಲ್ಲ. ಅಂದರೆ ಇದು ಕಾರ್ಖಾನೆಯಿಂದ ಬಂದಂತೆಯೇ ಇದೆಯೇ, ಯಾರಾದರೂ ಕೈಯಾಡಿಸಿದ್ದಾರೆಯೇ ಎಂಬ ಪ್ರಶ್ನೆ ಈ ಕ್ರೀಡೆಗೆ ಹುಟ್ಟಿನಿಂದಲೇ ಅಂಟಿಕೊಂಡಿದೆ.

ಅಕ್ಷರ, ಅಂಕಿಯ ಲೆಕ್ಕ

ಹಳೆಯ ಫೋರ್ಡ್ ಭಾಗ ಕೈಗೆ ಸಿಕ್ಕರೆ ಮೊದಲ ಕೆಲಸ ಜಿಡ್ಡು, ತುಕ್ಕು ತೆಗೆದು ಎರಕದಲ್ಲೇ ಮೂಡಿಸಿದ ಸಂಖ್ಯೆ ಹುಡುಕುವುದು. ಉದಾಹರಣೆಗೆ, ‘ಸಿ4ಎಇ’ ಎಂದು ಶುರುವಾಗುವ ಸಂಖ್ಯೆ ಇದೆ ಎಂದುಕೊಳ್ಳಿ. ‘ಸಿ’ ಎಂದರೆ 1960ರ ದಶಕ. ‘ಬಿ’ ಇದ್ದರೆ 1950ರದು, ‘ಡಿ’ ಇದ್ದರೆ 1970ರದು. ನಂತರದ ‘4’ ಆ ದಶಕದ ನಾಲ್ಕನೇ ವರ್ಷ, ಅಂದರೆ 1964. ಮೂರನೆಯ ‘ಎ’ ಗ್ಯಾಲಕ್ಸಿಯಂಥ ದೊಡ್ಡ ಕಾರುಗಳಿಗೆ, ‘ಝಡ್’ ಮಸ್ಟಾಂಗ್‌ಗೆ, ‘ಟಿ’ ಟ್ರಕ್‌ಗೆ. ಕೊನೆಯ ‘ಇ’ ಎಂದರೆ ಎಂಜಿನ್ ವಿಭಾಗ.

ಇದು ವಿನ್ಯಾಸದ ಸಂಖ್ಯೆ, ತಯಾರಾದ ದಿನಾಂಕವಲ್ಲ. 1964ರ ವಿನ್ಯಾಸವನ್ನೇ ಇಟ್ಟುಕೊಂಡು ಮುಂದಿನ ವರ್ಷಗಳಲ್ಲೂ ಎರಕ ಹೊಯ್ದಿರಬಹುದು. ಆದ್ದರಿಂದ ಪಕ್ಕದಲ್ಲಿರುವ ಚಿಕ್ಕ ದಿನಾಂಕ ಸಂಕೇತವನ್ನೂ ಓದಬೇಕು. ‘4ಸಿ12’ ಎಂದಿದ್ದರೆ ವರ್ಷದ ಕೊನೆಯ ಅಂಕಿ 4, ತಿಂಗಳು ಮಾರ್ಚ್, ದಿನ 12. ಇಲ್ಲಿ ‘ಸಿ’ ತಿಂಗಳನ್ನು ಸೂಚಿಸುತ್ತದೆ. ಒಂದು ಎಂಬ ಅಂಕಿಯಂತೆ ಕಾಣುವ ‘ಐ’ ಅಕ್ಷರವನ್ನು ಈ ಪಟ್ಟಿಯಲ್ಲಿ ಬಿಟ್ಟಿದ್ದಾರೆ. ಹಾಗಾಗಿ ಸೆಪ್ಟೆಂಬರ್ ‘ಜೆ’, ಡಿಸೆಂಬರ್ ‘ಎಂ’. ಆದರೆ ‘4’ ಎಂದರೆ 1964ಕ್ಕೂ ಸರಿ, 1974ಕ್ಕೂ ಸರಿ. ಎರಡೂ ಸಂಕೇತಗಳನ್ನು ಜೋಡಿಸಿ ನೋಡಿದರೆ ಮಾತ್ರ ಜಾತಕ ಪೂರ್ತಿಯಾಗುತ್ತದೆ.

ಅಳತೆ ಹೇಳಿದ ಸತ್ಯ

ಆಗಿನ ನ್ಯಾಸ್ಕಾರ್ ನಿಯಮದಲ್ಲಿ ಎಂಜಿನ್ ಗಾತ್ರದ ಮಿತಿ 7 ಲೀಟರ್. ಅದಕ್ಕೆ ಹೊಂದುವಂತೆ ಫೋರ್ಡ್ ತಂದ ಎಂಜಿನ್ ಹೆಸರು ‘427’, ಅಂದರೆ ಘನ ಇಂಚುಗಳ ಲೆಕ್ಕ. ನಾನು ಕ್ಯಾಲ್ಕ್ಯುಲೇಟರ್ ಹಿಡಿದು ಕೂತೆ. ಬೋರ್ 4.23 ಇಂಚು, ಸ್ಟ್ರೋಕ್ 3.78 ಇಂಚು, ಸಿಲಿಂಡರ್ ಎಂಟು. ಉತ್ತರ ಸುಮಾರು 425! ಏಳು ಲೀಟರ್‌ಗೆ ಸಮನಾದ 427 ಎಂಬ ಅಂಕಿಯೇ ಹೆಸರಾಗಿ ಉಳಿದಿದೆ. ಹೆಸರನ್ನು ನಂಬಬೇಡ, ಅಳೆದು ನೋಡು ಎಂಬ ಪಾಠ ಅಲ್ಲೇ ಸಿಕ್ಕಿತು.

ಆ ಪಾಠ ಬೇಗನೇ ಕೆಲಸಕ್ಕೂ ಬಂತು. ಮಾರಾಟಗಾರರೊಬ್ಬರು 427ರ ಬರೀ ಬ್ಲಾಕ್ ಇದೆ ಎಂದು ಫೋಟೊ ಕಳಿಸಿದ್ದರು. ಈ ಬ್ಲಾಕ್‌ಗಳು ಈಗ ಅಪರೂಪ, ಬೆಲೆಯೂ ವಿಪರೀತ. ನಿವೃತ್ತಿಯ ಉಳಿತಾಯದಿಂದ ಹಣ ತೆಗೆಯಲು ಹಿರಿಯರು ಸಿದ್ಧರಾಗಿದ್ದರು. ಫೋಟೊದಲ್ಲಿ ಸಂಖ್ಯೆ ‘ಸಿ4ಎಇ’ ಎಂದೇ ಇತ್ತು. ಬ್ಲಾಕಿನ ಮುಂಭಾಗದಲ್ಲಿ ‘352’ ಎಂಬ ಅಂಕಿಯೂ ಕಾಣುತ್ತಿತ್ತು. ಅಣ್ಣ ಅದನ್ನು ನೋಡಿ, ‘ಹಾಗಾದ್ರೆ ಇದು 352ರ ಎಂಜಿನ್ನಾ?’ ಎಂದ. ಹಾಗೆಂದೂ ಹೇಳಲಾಗದು. ಇದೇ ಕುಟುಂಬದ ಬೇರೆ ಬೇರೆ ಗಾತ್ರದ ಎಷ್ಟೋ ಬ್ಲಾಕ್‌ಗಳ ಮೇಲೆ ‘352’ ಎಂಬ ಗುರುತು ಇದೆ. ಆ ಅಂಕಿಯಿಂದ ಗಾತ್ರ ನಿರ್ಧರಿಸುವಂತಿಲ್ಲ.

ನಾನು ಎರಡು ಸಂಗತಿ ಕೇಳಿಸಿದೆ. ಒಂದು, ಬ್ಲಾಕಿನ ಕೆಳಬದಿಯ ಫೋಟೊ. 427ರಲ್ಲಿ ಕ್ರ್ಯಾಂಕ್‌ಶಾಫ್ಟ್ ಹಿಡಿದಿಡುವ ಮಧ್ಯದ ಕ್ಯಾಪ್‌ಗಳಿಗೆ ಬ್ಲಾಕಿನ ಎರಡೂ ಪಕ್ಕದಿಂದ ಅಡ್ಡ ಬೋಲ್ಟ್ ಹಾಕಿರುತ್ತಾರೆ. ಹೊರಗಿನಿಂದಲೇ ಅದು ಕಾಣುತ್ತದೆ. ಇನ್ನೊಂದು, ಬೋರ್ ಗೇಜ್‌ನಲ್ಲಿ ತೆಗೆದ ಅಳತೆ. ಅಣ್ಣ, ಹಿರಿಯರು ಇಬ್ಬರೂ ಹೋಗಿ ನೋಡಿದಾಗ ಅಡ್ಡ ಬೋಲ್ಟುಗಳ ಸುಳಿವೇ ಇರಲಿಲ್ಲ. ಬೋರ್ 4.08 ಇಂಚು. ಸಾಮಾನ್ಯ ಕಾರುಗಳಿಗೆ ಬರುತ್ತಿದ್ದ 390 ಎಂಜಿನ್ನಿನ ಮೂಲ ಬೋರ್ 4.05. ಅಂದರೆ ಅದು ಒಮ್ಮೆ ಬೋರ್ ಮಾಡಿಸಿದ 390! ಹಣ ಉಳಿಯಿತು.

ಹಿಂದಿನ ಆ್ಯಕ್ಸಲ್‌ನದೂ ಇದೇ ಕಥೆ. ಫೋರ್ಡ್‌ನ ‘9 ಇಂಚಿನ’ ಡಿಫರೆನ್ಷಿಯಲ್ ಗಟ್ಟಿತನಕ್ಕೆ ಹೆಸರುವಾಸಿ. ಅದರಲ್ಲೂ ನಾಡ್ಯುಲರ್ ಐರನ್‌ನಿಂದ ಮಾಡಿದ ಕೇಸ್ ಮೇಲೆ ದೊಡ್ಡ ‘ಎನ್’ ಅಕ್ಷರ ಇರುತ್ತದೆ. ಶಾಫ್ಟ್ ತುದಿಯ ಹಲ್ಲುಗಳನ್ನು ಎಣಿಸಬೇಕು. 28 ಇದ್ದರೆ ಮಾಮೂಲಿ ಶಾಫ್ಟ್, 31 ಇದ್ದರೆ ಹೆಚ್ಚು ದಪ್ಪದ, ಹೆಚ್ಚು ಬಲದ ಶಾಫ್ಟ್. ಮೆಟೀರಿಯಲ್ ಸೈನ್ಸ್‌ನಲ್ಲಿ ಗ್ರಾಫೈಟ್ ಉಂಡೆಗಳ ಚಿತ್ರ ಬರೆದು ಅಂಕ ಪಡೆದಿದ್ದೆ. ಆ ಉಂಡೆಗಳಿಂದ ಯಾರಿಗೇನು ಲಾಭ ಎಂಬುದು ಈಗ ಗೊತ್ತಾಯಿತು.

ಎಲ್ಲವೂ ಹಳೆಯದೇ ಬೇಕೇ?

ಪ್ರತಿಕೃತಿ ಎಂದಮೇಲೆ ಎಲ್ಲವೂ 1964ರದ್ದೇ ಆಗಿರಬೇಕಲ್ಲವೇ? ಇಲ್ಲಿ ಇತಿಹಾಸವೇ ತಡೆಯುತ್ತದೆ. 1964ರ ಮೇ 24ರಂದು ಷಾರ್ಲೆಟ್‌ನ ‘ವರ್ಲ್ಡ್ 600’ ರೇಸಿನಲ್ಲಿ ‘ಫೈರ್‌ಬಾಲ್’ ರಾಬರ್ಟ್ಸ್ ಓಡಿಸುತ್ತಿದ್ದ ಕಾರು ಅಪಘಾತಕ್ಕೀಡಾಗಿ ಬೆಂಕಿ ಹೊತ್ತಿಕೊಂಡಿತು. ಸುಟ್ಟ ಗಾಯಗಳಿಂದ ಬಳಲಿ ಅವರು ಜುಲೈ 2ರಂದು ತೀರಿಕೊಂಡರು. ಅವರ ಕಾರು ಕೂಡ 1964ರ ಗ್ಯಾಲಕ್ಸಿಯೇ. ಡಿಕ್ಕಿಯಾದರೂ ಸುಲಭಕ್ಕೆ ಸೋರದ ಇಂಧನ ಸೆಲ್‌ಗಳು ರೇಸ್ ಕಾರುಗಳಿಗೆ ಬಂದದ್ದು ಇಂಥ ದುರಂತಗಳ ನಂತರ.

ಹಾಗಾಗಿ ಹಿರಿಯರ ನಿಯಮ ಸ್ಪಷ್ಟ: ನೋಡಲು ಹಳೆಯದು, ಜೀವ ಕಾಯುವ ಕಡೆ ಹೊಸದು. ಟ್ಯಾಂಕ್ ಬದಲು ಈಗಿನ ಇಂಧನ ಸೆಲ್. ಮುಂದಿನ ಚಕ್ರ ಹೊರುವ ಸ್ಪಿಂಡಲ್ ಹಳೆಯದೇ ಆದರೆ ಮೊದಲು ಮ್ಯಾಗ್ನೆಟಿಕ್ ಪಾರ್ಟಿಕಲ್ ಟೆಸ್ಟ್. ಕಣ್ಣಿಗೆ ಕಾಣದ ಬಿರುಕಿನ ಮೇಲೆ ಕಬ್ಬಿಣದ ಪುಡಿ ಗೆರೆಯಂತೆ ಸಾಲುಗಟ್ಟುತ್ತದೆ. ಬಿರುಕು ಕಂಡರೆ ಅದೆಷ್ಟೇ ‘ಅಸಲಿ’ ಆಗಿದ್ದರೂ ಗುಜರಿಗೇ.

ಇನ್ನೊಂದು ನಿಯಮ ನನಗೆ ತುಂಬಾ ಇಷ್ಟ. ಅವರು ಕೊಂಡ ಬಾಡಿಯ ಬಾಗಿಲ ಫಲಕದ ಸಂಕೇತದಲ್ಲಿ ಎಂಜಿನ್ ಅಕ್ಷರ ‘ಝಡ್’, ಅಂದರೆ ಆ ಕಾರು ಕಾರ್ಖಾನೆಯಿಂದ ಹೊರಟದ್ದು 390 ಎಂಜಿನ್‌ನೊಂದಿಗೆ. 427 ಆಗಿದ್ದರೆ ‘ಕ್ಯೂ’ ಅಥವಾ ‘ಆರ್’ ಇರುತ್ತಿತ್ತು. ಅಂಥ ಫಲಕ ಬದಲಿಸಿ, ಸಂಖ್ಯೆ ತಿದ್ದಿ ಅಸಲಿ ಎಂದು ಮಾರುವವರೂ ಇದ್ದಾರೆ. ಇವರು ಮಾತ್ರ ಫಲಕವನ್ನು ಮುಟ್ಟಿಲ್ಲ. ಯಾವ ಭಾಗ ಎಲ್ಲಿಯದು, ಯಾವುದು ಹೊಸದು ಎಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದಾರೆ. ಪ್ರತಿಕೃತಿಗೂ ನಕಲಿಗೂ ಇರುವ ವ್ಯತ್ಯಾಸ ಆ ನೋಟ್‌ಬುಕ್ಕೇ.

ನಮಗೇನು ಲಾಭ?

‘ಮೆಕ್ಯಾನಿಕಲ್ ತಗೊಂಡ್ಯಾ? ಕೆಲಸ ಸಿಗುತ್ತಾ?’ ಎಂಬ ಪ್ರಶ್ನೆ ನನ್ನಂತೆ ನೀವೂ ಕೇಳಿರಬಹುದು. ಪೀಣ್ಯದ ಸಣ್ಣ ಕಾರ್ಖಾನೆಯಿರಲಿ, ದೊಡ್ಡ ವಾಹನ ಕಂಪನಿಯಿರಲಿ, ಒಳಗೆ ಬರುವ ಭಾಗ ಚೀಟಿಯಲ್ಲಿ ಬರೆದದ್ದೇ ಹೌದೇ ಎಂದು ಪರೀಕ್ಷಿಸುವವರು ಬೇಕೇ ಬೇಕು. ಕಲಿಯಲು ಅಮೆರಿಕದ ಕಾರೇನೂ ಬೇಡ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಹಳೇ ಯೆಜ್ಡಿ ನಿಮ್ಮ ಬೀದಿಯಲ್ಲೇ ನಿಂತಿರಬಹುದು. ಮಾಲೀಕರನ್ನು ಕೇಳಿ ಎಂಜಿನ್ ಸಂಖ್ಯೆ, ಫ್ರೇಮ್ ಸಂಖ್ಯೆ ಓದಿ. ದಾಖಲೆಯೊಂದಿಗೆ ತಾಳೆ ಹಾಕಿ. ಗ್ಯಾರೇಜಿನಲ್ಲಿ ಎಸೆದ ಪಿಸ್ಟನ್ ಸಿಕ್ಕರೆ ವರ್ನಿಯರ್‌ನಲ್ಲಿ ಅಳೆದು, ಅದು ಯಾವ ಗಾಡಿಯದು ಎಂದು ಊಹಿಸಿ, ಆಮೇಲೆ ಮೆಕ್ಯಾನಿಕ್ ಅಣ್ಣನನ್ನು ಕೇಳಿ.

ಷಾರ್ಲೆಟ್‌ನಲ್ಲಿ 427 ಬ್ಲಾಕಿನ ಹುಡುಕಾಟ ಇನ್ನೂ ಮುಗಿದಿಲ್ಲ. ಸದ್ಯಕ್ಕೆ ಸರಿಯಾಗಿ ಗುರುತಿಸಿದ ಒಂದು 390 ಎಂಜಿನ್ ಕೂರಿಸಿ ಕಾರು ಓಡಿಸುವುದು ಅವರ ಯೋಜನೆ. ನೋಟ್‌ಬುಕ್‌ನಲ್ಲೂ ‘390’ ಎಂದೇ ಬರೆದಿದ್ದಾರಂತೆ.