ಮನೆಯ ಮೇಲೆ ಸೌರ ಫಲಕ: ಯಾರಿಗೆ ಲಾಭ, ಎಷ್ಟು ಉಳಿತಾಯ?

ಬಿಸಿಲಿನ ಬೆಲೆ ರೈತರಿಗೆ ಹೊಸದಾಗಿ ಹೇಳಬೇಕಾದುದಲ್ಲ. ಬೆಳೆ ಬೆಳೆಯುವುದು, ಕಾಳು ಒಣಗಿಸುವುದು, ಹಪ್ಪಳ ಸಂಡಿಗೆ ಒಣಹಾಕುವುದು ಎಲ್ಲವೂ ಬಿಸಿಲಿನಿಂದಲೇ. ಅದೇ ಬಿಸಿಲಿನಿಂದ ಮನೆಗೆ ಬೇಕಾದ ವಿದ್ಯುತ್ತನ್ನೂ ಪಡೆಯಬಹುದು. ಇದಕ್ಕೆ ಉತ್ತೇಜನ ಕೊಡಲು ಕೇಂದ್ರ ಸರ್ಕಾರವು 2024ರ ಫೆಬ್ರವರಿಯಲ್ಲಿ ‘ಪಿ.ಎಂ. ಸೂರ್ಯಘರ್’ ಯೋಜನೆಯನ್ನು ಜಾರಿಗೆ ತಂದಿತು. ಆದರೆ ಸಹಾಯಧನ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಹಣ ತೊಡಗಿಸುವುದು ಜಾಣತನವಲ್ಲ. ಒಂದು ಎಕರೆಗೆ ಗೊಬ್ಬರ ಹಾಕುವ ಮೊದಲು ಮಣ್ಣು ಪರೀಕ್ಷೆ ಮಾಡಿಸುವಂತೆ, ಫಲಕ ಹಾಕಿಸುವ ಮೊದಲು ಮನೆಯ ವಿದ್ಯುತ್ ಬಿಲ್ಲನ್ನು ಪರೀಕ್ಷಿಸಬೇಕು.

ಮೊದಲು ಬಿಲ್ಲು ನೋಡಿ

ಕಳೆದ 12 ತಿಂಗಳ ಬಿಲ್ಲುಗಳನ್ನು ಒಟ್ಟುಗೂಡಿಸಿ, ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಖರ್ಚಾಗಿದೆ ಎಂದು ಬರೆದಿಟ್ಟುಕೊಳ್ಳಿ. ನೀರಾವರಿ ಪಂಪ್‌ಸೆಟ್ಟಿನ ಲೆಕ್ಕ ಬೇರೆ. ಅದನ್ನು ಇದರಲ್ಲಿ ಸೇರಿಸಬಾರದು.

ಕರ್ನಾಟಕದಲ್ಲಿ 2023ರಿಂದ ಗೃಹಜ್ಯೋತಿ ಯೋಜನೆ ಇದೆ. ಇದರಂತೆ ಪ್ರತಿ ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ, 200 ಯೂನಿಟ್ ಮೀರದಂತೆ, ಉಚಿತ ಯೂನಿಟ್‌ಗಳನ್ನು ನಿಗದಿ ಮಾಡಲಾಗಿದೆ. ನಿಗದಿಗಿಂತ ಹೆಚ್ಚು ಉರಿಸಿದರೆ ಹೆಚ್ಚಾದುದಕ್ಕೆ ಹಣ ಕಟ್ಟಬೇಕು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಆದ್ದರಿಂದ ಮನೆಗಳನ್ನು ಮೂರು ಗುಂಪುಗಳಾಗಿ ನೋಡಬಹುದು.

1. ತಿಂಗಳಿಗೆ 60ರಿಂದ 100 ಯೂನಿಟ್ ಬಳಸಿ, ಸೊನ್ನೆ ಬಿಲ್ಲು ಪಡೆಯುವ ಮನೆ. ಇಂಥ ಮನೆಗೆ ಫಲಕದಿಂದ ಉಳಿಯುವ ಹಣವೇ ಇಲ್ಲ. ಸಾಲ ಮಾಡಿ ಹಾಕಿಸುವುದಂತೂ ಬೇಡ.

2. ಆಗಾಗ 200 ಯೂನಿಟ್ಟಿನ ಗಡಿ ದಾಟುವ ಮನೆ. ಇವರು ಮೊದಲು ಬಳಕೆಯನ್ನು ಕಡಿಮೆ ಮಾಡಲು ಪ್ರಯತ್ನಿಸತಕ್ಕದ್ದು. ಹಳೆಯ ಫ್ಯಾನು 70ರಿಂದ 80 ವ್ಯಾಟ್ ತೆಗೆದುಕೊಂಡರೆ, ಹೊಸ ಬಿಎಲ್‌ಡಿಸಿ ಫ್ಯಾನು ಸುಮಾರು 30 ವ್ಯಾಟ್ ಮಾತ್ರ ತೆಗೆದುಕೊಳ್ಳುತ್ತದೆ. 2 ಕಿಲೋವ್ಯಾಟ್ ಗೀಸರನ್ನು ದಿನಕ್ಕೆ ಒಂದು ಗಂಟೆ ಉರಿಸಿದರೆ ತಿಂಗಳಿಗೆ 60 ಯೂನಿಟ್ ಆಗುತ್ತದೆ. ಅದರ ಬದಲು ಸೌರ ನೀರು ಕಾಯಿಸುವ ಸಾಧನ ಅಥವಾ ಹಂಡೆ ಒಲೆ ಬಳಸಿದರೆ ಬಿಲ್ಲು ತಾನಾಗಿ ಇಳಿಯುತ್ತದೆ.

3. ಪ್ರತಿ ತಿಂಗಳೂ 250 ಯೂನಿಟ್ಟಿಗಿಂತ ಹೆಚ್ಚು ಬಳಸುವ ಮನೆ. ಕೂಡು ಕುಟುಂಬ, ಫ್ರಿಜ್, ಹಿಟ್ಟಿನ ಗಿರಣಿ, ಮನೆ ಬಳಕೆಯ ನೀರಿನ ಮೋಟರು ಇರುವ ಮನೆಗಳು ಈ ಗುಂಪಿಗೆ ಸೇರುತ್ತವೆ. ಸೌರ ಫಲಕದಿಂದ ನಿಜವಾದ ಲಾಭ ಇವರಿಗೇ.

ಎಷ್ಟು ವಿದ್ಯುತ್ ದೊರೆಯುತ್ತದೆ?

1 ಕಿಲೋವ್ಯಾಟ್ ಫಲಕಗಳಿಂದ ದಿನಕ್ಕೆ ಸರಾಸರಿ 4 ಯೂನಿಟ್ ವಿದ್ಯುತ್ ಸಿಗುತ್ತದೆ. ಬೇಸಿಗೆಯಲ್ಲಿ ಹೆಚ್ಚು, ಮುಂಗಾರಿನ ಮೋಡದ ದಿನಗಳಲ್ಲಿ ಕಡಿಮೆ. ಮಲೆನಾಡು ಮತ್ತು ಕರಾವಳಿಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಇಳುವರಿ ಬಹಳ ಇಳಿಯುತ್ತದೆ. ಬಯಲುಸೀಮೆಯಲ್ಲಿ ಅಷ್ಟು ಇಳಿಯುವುದಿಲ್ಲ. 1 ಕಿಲೋವ್ಯಾಟಿಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು.

ಹಗಲು ಉತ್ಪಾದನೆಯಾದ ವಿದ್ಯುತ್ತನ್ನು ಮನೆ ಮೊದಲು ಬಳಸಿಕೊಳ್ಳುತ್ತದೆ. ಉಳಿದದ್ದು ಸರಬರಾಜು ಕಂಪನಿಯ ತಂತಿಗೆ ಹೋಗುತ್ತದೆ; ರಾತ್ರಿ ಅಲ್ಲಿಂದಲೇ ಮರಳಿ ಪಡೆಯಬಹುದು. ಕೊಟ್ಟದ್ದನ್ನೂ ಪಡೆದದ್ದನ್ನೂ ಲೆಕ್ಕ ಹಾಕುವ ಮೀಟರನ್ನು ನೆಟ್ ಮೀಟರ್ ಎನ್ನುತ್ತಾರೆ. ನಿಮ್ಮ ಬಳಕೆಗಿಂತ ಹೆಚ್ಚಾಗಿ ಉಳಿದ ವಿದ್ಯುತ್ತಿಗೆ ಸಿಗುವ ದರ, ನೀವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ. ಆದ್ದರಿಂದ ಮಾರಾಟದ ಆಸೆಯಿಂದ ಅಗತ್ಯಕ್ಕಿಂತ ದೊಡ್ಡ ಘಟಕ ಹಾಕಿಸುವುದು ನಷ್ಟದ ದಾರಿ.

ಖರ್ಚು ಮತ್ತು ಸಹಾಯಧನ

ಯೋಜನೆಯಂತೆ ಸಹಾಯಧನ ಹೀಗಿದೆ:

1 ಕಿಲೋವ್ಯಾಟಿಗೆ – 30,000 ರೂ.
2 ಕಿಲೋವ್ಯಾಟಿಗೆ – 60,000 ರೂ.
3 ಕಿಲೋವ್ಯಾಟ್ ಮತ್ತು ಅದಕ್ಕೂ ಮೇಲ್ಪಟ್ಟು – 78,000 ರೂ.

ಈ ಹಣ ಮುಂಗಡವಾಗಿ ಬರುವುದಿಲ್ಲ. ಘಟಕ ಸ್ಥಾಪಿಸಿ, ತಪಾಸಣೆ ಮುಗಿದು, ಕಾರ್ಯಾರಂಭವಾದ ಮೇಲೆ ಮನೆಯವರ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಅಲ್ಲಿಯವರೆಗೆ ಪೂರ್ತಿ ಹಣವನ್ನು ನೀವೇ ಹೊಂದಿಸಬೇಕು ಅಥವಾ ಬ್ಯಾಂಕಿನಿಂದ ಸಾಲ ಪಡೆಯಬೇಕು. ಯೋಜನೆಯ ರಾಷ್ಟ್ರೀಯ ಪೋರ್ಟಲ್‌ನಲ್ಲಿ ನೋಂದಾಯಿತರಾದ ಮಾರಾಟಗಾರರಿಂದಲೇ, ಭಾರತದಲ್ಲಿ ತಯಾರಾದ ಕೋಶಗಳಿರುವ ಫಲಕಗಳನ್ನೇ ಹಾಕಿಸಬೇಕು. ಇಲ್ಲವಾದರೆ ಸಹಾಯಧನ ಸಿಗದು.

ಉದಾಹರಣೆಗೆ, ತಿಂಗಳಿಗೆ 320 ಯೂನಿಟ್ ಬಳಸುವ ಮನೆಯೊಂದನ್ನು ತೆಗೆದುಕೊಳ್ಳೋಣ. ತೆರಿಗೆ ಸೇರಿ ಯೂನಿಟ್ಟಿಗೆ ಸುಮಾರು 6 ರೂ. ಎಂದಿಟ್ಟುಕೊಂಡರೆ ವರ್ಷಕ್ಕೆ 23,040 ರೂ. ಆಗುತ್ತದೆ. ಈ ಮನೆಗೆ 3 ಕಿಲೋವ್ಯಾಟ್ ಘಟಕ ಸಾಕು. ಮಾರಾಟಗಾರರು 1,80,000 ರೂ. ಬೆಲೆ ಹೇಳಿದರೆ, ಸಹಾಯಧನ ಕಳೆದು ಕೈಯಿಂದ ಬೀಳುವುದು 1,02,000 ರೂ. ಮಳೆಗಾಲದಲ್ಲಿ ಸ್ವಲ್ಪ ಬಿಲ್ಲು ಬರುವುದರಿಂದ ಉಳಿತಾಯ ವರ್ಷಕ್ಕೆ 20,000 ರೂ. ಎಂದು ಹಿಡಿದರೂ ಸುಮಾರು 5 ವರ್ಷಗಳಲ್ಲಿ ಹಾಕಿದ ಹಣ ಹಿಂದಿರುಗುತ್ತದೆ. ಫಲಕಗಳಿಗೆ ಸಾಮಾನ್ಯವಾಗಿ 25 ವರ್ಷಗಳ ಖಾತರಿ ಇರುತ್ತದೆ. ಇನ್ವರ್ಟರಿನ ಆಯುಷ್ಯ ಅದಕ್ಕಿಂತ ಕಡಿಮೆ. ನಡುವೆ ಒಮ್ಮೆ ಬದಲಿಸುವ ಖರ್ಚನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು. ಮೀಟರಿನ ನಿಗದಿತ ಶುಲ್ಕವನ್ನು ಎಂದಿನಂತೆ ಕಟ್ಟಬೇಕಾಗುತ್ತದೆ. ಸಾಲ ಮಾಡಿದ್ದರೆ ಬಡ್ಡಿಯನ್ನೂ ಸೇರಿಸಿ ಲೆಕ್ಕ ಮಾಡಿ.

ಕರೆಂಟು ಹೋದಾಗ ಏನಾಗುತ್ತದೆ?

ಫಲಕ ಹಾಕಿಸಿದರೆ ಕರೆಂಟು ಹೋದಾಗಲೂ ಮನೆಯಲ್ಲಿ ದೀಪ ಉರಿಯುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಬ್ಯಾಟರಿ ಇಲ್ಲದ, ಕಂಪನಿಯ ತಂತಿಗೆ ಜೋಡಿಸಿದ ಘಟಕದಲ್ಲಿ ಹಾಗಾಗುವುದಿಲ್ಲ. ತಂತಿಯಲ್ಲಿ ಕರೆಂಟು ನಿಂತ ಕೂಡಲೇ ಇನ್ವರ್ಟರು ತಾನೂ ನಿಲ್ಲುತ್ತದೆ. ಕಂಬ ಹತ್ತಿ ರಿಪೇರಿ ಮಾಡುವ ಲೈನ್‌ಮನ್ ಜೀವಕ್ಕೆ ಅಪಾಯವಾಗಬಾರದೆಂದು ಮಾಡಿದ ಏರ್ಪಾಡು ಇದು. ಹಗಲು ಹೊತ್ತು ಹೆಚ್ಚಾಗಿ ಕರೆಂಟು ಹೋಗುವ ಹಳ್ಳಿಗಳಲ್ಲಿ ಆ ವೇಳೆಯ ಉತ್ಪಾದನೆಯೂ ನಷ್ಟವಾಗುತ್ತದೆ. ಇದಕ್ಕೆ ಬ್ಯಾಟರಿ ಸೇರಿಸಬಹುದಾದರೂ ಖರ್ಚು ಗಣನೀಯವಾಗಿ ಏರುತ್ತದೆ.

ಜಾಗದ ಆಯ್ಕೆ

ಫಲಕಗಳು ದಕ್ಷಿಣಕ್ಕೆ ಮುಖ ಮಾಡಿರಬೇಕು. ಇಳಿಜಾರು ಊರಿನ ಅಕ್ಷಾಂಶದಷ್ಟು, ಎಂದರೆ ನಮ್ಮ ರಾಜ್ಯದಲ್ಲಿ ಸುಮಾರು 12ರಿಂದ 18 ಡಿಗ್ರಿ ಇದ್ದರೆ ಉತ್ತಮ. ನೆರಳು ಫಲಕದ ದೊಡ್ಡ ಶತ್ರು. ಫಲಕಗಳನ್ನು ಸಾಲಾಗಿ ಒಂದಕ್ಕೊಂದು ಜೋಡಿಸುವುದರಿಂದ, ಒಂದರ ಮೇಲೆ ತೆಂಗಿನ ಗರಿಯ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಗ್ಗಬಹುದು. ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ನೆರಳು ಎಲ್ಲೆಲ್ಲಿ ಸರಿಯುತ್ತದೆಂದು ಗಮನಿಸಿ ಜಾಗ ಗೊತ್ತುಮಾಡಿ. ಫಲಕದ ಕೆಳಗೆ ಗಾಳಿಯಾಡುವಂತಿರಬೇಕು. ಫಲಕ ಕಾದಷ್ಟೂ ಉತ್ಪಾದನೆ ಇಳಿಯುತ್ತದೆ. ಹೆಂಚಿನ ಮನೆಯಾದರೆ ತೊಲೆಗಳು ಭಾರ ತಡೆಯುತ್ತವೆಯೇ ಎಂಬುದನ್ನು ತಿಳಿದವರಿಂದ ಪರೀಕ್ಷಿಸಬೇಕು. ಸಿಡಿಲು ತಡೆ ಮತ್ತು ಅರ್ಥಿಂಗ್ ಸರಿಯಾಗಿ ಆಗಿದೆಯೇ ಎಂದು ನೋಡದೆ ಹಣ ಸಂದಾಯ ಮಾಡಬೇಡಿ.

ಪಾಲನೆ

ಒಕ್ಕಣೆಯ ಹೊಟ್ಟು, ರಸ್ತೆಯ ಧೂಳು ಮತ್ತು ಹಕ್ಕಿಗಳ ಹಿಕ್ಕೆಯಿಂದ ಇಳುವರಿ ಕಡಿಮೆಯಾಗುತ್ತದೆ. ಎರಡು ವಾರಕ್ಕೊಮ್ಮೆ, ಒಕ್ಕಣೆ ಕಾಲದಲ್ಲಿ ವಾರಕ್ಕೊಮ್ಮೆ, ಬೆಳಿಗ್ಗೆ ಬಿಸಿಲೇರುವ ಮೊದಲು ಮೆತ್ತನೆಯ ಬಟ್ಟೆ ಮತ್ತು ನೀರಿನಿಂದ ಒರೆಸಬೇಕು. ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬಾರದು. ಗಡಸು ಕೊಳವೆಬಾವಿ ನೀರು ಬಿಳಿ ಕಲೆ ಕಟ್ಟುತ್ತದೆ, ಮಳೆನೀರು ಒಳ್ಳೆಯದು.

ನೆನಪಿಡಬೇಕಾದ ಅಂಶಗಳು

ಬಿಲ್ಲು ಸೊನ್ನೆ ಇದ್ದರೆ ಅವಸರ ಬೇಡ. ಮೊದಲು ಬಳಕೆ ತಗ್ಗಿಸಿ, ಉಳಿದ ಬಳಕೆಗೆ ತಕ್ಕಷ್ಟೇ ಫಲಕ ಹಾಕಿಸಿ. ಕನಿಷ್ಠ ಮೂವರಿಂದ ಬೆಲೆಪಟ್ಟಿ ತರಿಸಿ ಹೋಲಿಸಿ. ಫಲಕ ಹಾಕಿಸಿದ ಮೇಲೆ ಗೃಹಜ್ಯೋತಿಯ ಲೆಕ್ಕ ಹೇಗೆ, ಉಳಿದ ವಿದ್ಯುತ್ತಿಗೆ ದರ ಎಷ್ಟು ಎಂಬುದನ್ನು ವಿದ್ಯುತ್ ಸರಬರಾಜು ಕಂಪನಿಯ ಉಪವಿಭಾಗ ಕಚೇರಿಯಲ್ಲಿ ಕೇಳಿ ತಿಳಿದುಕೊಂಡ ನಂತರವೇ ಕರಾರಿಗೆ ಸಹಿ ಹಾಕಿ. ರೈತಬಾಂಧವರು ಹೀಗೆ ಲೆಕ್ಕ ಹಾಕಿ ಮುಂದುವರಿದರೆ ತಾರಸಿಯ ಬಿಸಿಲು ಮನೆಯ ಆದಾಯಕ್ಕೆ ನೆರವಾಗುತ್ತದೆ. ಲೆಕ್ಕ ತಪ್ಪಿದರೆ ಸಾಲದ ಹೊರೆಯೊಂದು ಹೆಚ್ಚುತ್ತದೆ ಅಷ್ಟೆ.